ಥಂಡರ್‌ಸ್ಟಾರ್ಮ್ 2 ನ್ಯಾನೋಮೀಟರ್ ಅನ್ನುತ್ತದೆ, ಚುಕ್ಕಿಗಳು 28ರಷ್ಟು ಹರಡಿವೆ, ಯಾಕೆ?

ಥಂಡರ್‌ಸ್ಟಾರ್ಮ್ ಅಂದರೆ ಮೈಕ್ರೋಸ್ಕೋಪ್ ಚಿತ್ರದಲ್ಲಿ ಮಿನುಗುವ ಒಂದೊಂದು ಅಣುವಿನ ಜಾಗ ಲೆಕ್ಕ ಹಾಕುವ ಸಾಫ್ಟ್‌ವೇರ್. ಅದು ನಿಖರತೆ 2 ನ್ಯಾನೋಮೀಟರ್ ಅನ್ನುತ್ತದೆ, ಆದರೆ ಡ್ರಿಫ್ಟ್ (ಸ್ಯಾಂಪಲ್ ನಿಧಾನವಾಗಿ ಜರುಗುವುದು) ತಿದ್ದಿದ ಮೇಲೂ ಒಂದೇ ಅಣುವಿನ ಚುಕ್ಕಿಗಳು 28 ನ್ಯಾನೋಮೀಟರ್‌ನಷ್ಟು ಹರಡಿವೆ ಅಂತ ಬರೆದಿದ್ದೀರಿ. ಲೆನ್ಸ್ ಮೇಲೆ ಅನುಮಾನ ಪಡುವ ಮೊದಲು ಕ್ಯಾಮೆರಾ ಸೆಟಪ್ ವಿಂಡೋ ತೆಗೆದು ನೋಡಿ. ನೀವು ಹಾಕಿದ ಚಿತ್ರದಲ್ಲಿ ಇಎಂ ಗೇನ್‌ಗೆ (ಕ್ಯಾಮೆರಾ ತನ್ನೊಳಗೇ ಎಲೆಕ್ಟ್ರಾನ್‌ಗಳನ್ನು ಎಷ್ಟು ಪಟ್ಟು ಹೆಚ್ಚಿಸುತ್ತದೆ ಅನ್ನುವುದಕ್ಕೆ) ಟಿಕ್ ಇಲ್ಲ, ಕ್ಯಾಮೆರಾ ಮಾತ್ರ ಗೇನ್ 100ರಲ್ಲಿ ಓಡಿದೆ.

ಸಾಫ್ಟ್‌ವೇರ್‌ಗೆ ಫೋಟಾನ್ ಗೊತ್ತಿಲ್ಲ, ಬರೀ ಕೌಂಟ್, ಅಂದರೆ ಕ್ಯಾಮೆರಾ ಪ್ರತಿ ಪಿಕ್ಸೆಲ್‌ಗೆ ಕೊಡುವ ಅಂಕಿ, ಗೊತ್ತು. ಕೌಂಟಿನಲ್ಲಿ ಆಫ್‌ಸೆಟ್ (ಬೆಳಕಿಲ್ಲದಾಗಲೂ ಇರುವ ಕೌಂಟ್) ಕಳೆದು, ಒಂದು ಕೌಂಟಿಗೆ ಎಷ್ಟು ಎಲೆಕ್ಟ್ರಾನ್ ಅನ್ನುವುದರಿಂದ ಗುಣಿಸಿ, ಇಎಂ ಗೇನ್‌ನಿಂದ ಭಾಗಿಸಬೇಕು. ಭಾಗಿಸದಿದ್ದರೆ ನೂರು ಪಟ್ಟು ಬೆಳಕು ಬಂದಂತೆ ಲೆಕ್ಕವಾಗುತ್ತದೆ. ಹೊಳೆಯುವ ಅಣುವಿಗೆ ನಿಖರತೆ ನಿಂತಿರುವುದು ಫೋಟಾನ್ ಸಂಖ್ಯೆಯ ವರ್ಗಮೂಲದ ಮೇಲೆ, ಹಾಗಾಗಿ ಉತ್ತರ ಸುಮಾರು 10 ಪಟ್ಟು ಚೆನ್ನಾಗಿ ಕಾಣುತ್ತದೆ. ಇಎಂ ತಾನೇ ಸೇರಿಸುವ ನಾಯ್ಸ್ ಇನ್ನೊಂದು 1.4 ಪಟ್ಟು. 2ನ್ನು 10ರಿಂದ, ಮತ್ತೆ 1.4ರಿಂದ ಗುಣಿಸಿ. 28 ಬಂತು ಅಲ್ವಾ?

ಆಫ್‌ಸೆಟ್ ಅಂದರೆ ನಮ್ಮ ಲೈನ್ ಬಜಾರಿನಲ್ಲಿ ಪೇಢೆ ತೂಗುವಾಗ ಕಳೆಯುವ ಖಾಲಿ ಡಬ್ಬಿಯ ತೂಕ ಇದ್ದ ಹಾಗೆ. ಕ್ಯಾಮೆರಾ ಪೂರ್ತಿ ತಣ್ಣಗಾಗಲಿ, ಮುಚ್ಚಳ ಹಾಕಿ, ಪ್ರಯೋಗದ ಎಕ್ಸ್‌ಪೋಶರ್‌ನಲ್ಲೇ ಕೆಲವು ನೂರು ಫ್ರೇಮ್ ತೆಗೆದು ಸರಾಸರಿ ಮಾಡಿ. ಧಾರವಾಡದ ನಮ್ಮ ಲ್ಯಾಬಿನಲ್ಲಿ ಇದೇ ಕೆಲಸಕ್ಕೆ ನನಗೆ ಎರಡು ದಿನ ಹೋಯಿತು. ಚಿತ್ರದ ಎಡ ಮೂಲೆ ಮಾತ್ರ ಏಳೆಂಟು ಕೌಂಟ್ ಮೇಲಿರುತ್ತಿತ್ತು, ಸೆನ್ಸರ್ ಕೆಟ್ಟಿತು ಅಂತ ಹೆದರಿ ಕೂತಿದ್ದೆ. ಕಡೆಗೆ ನೋಡಿದರೆ ಮೇಜಿನ ಕೆಳಗಿನ ಎಕ್ಸ್‌ಟೆನ್ಷನ್ ಬಾಕ್ಸಿನ ಕೆಂಪು ದೀಪ, ಅಡಾಪ್ಟರ್ ಸಂದಿಯಿಂದ ಒಳಗೆ ಹೋಗುತ್ತಿತ್ತು. ಕಪ್ಪು ಬಟ್ಟೆ ಸುತ್ತಿದ ಮೇಲೆ ಮೂಲೆ ಸಮ ಆಯಿತು.

ಈಗ ಗೇನ್, ಅಂದರೆ ಒಂದು ಕೌಂಟಿಗೆ ಎಷ್ಟು ಎಲೆಕ್ಟ್ರಾನ್ ಅನ್ನುವುದು. ಇಎಂ ಆಫ್ ಮಾಡಿ. ಒಂದೇ ಸಮನಾದ ಬೆಳಕನ್ನು ಎಂಟು ಹತ್ತು ಹಂತದಲ್ಲಿ ಏರಿಸಿ, ಪ್ರತಿ ಹಂತದಲ್ಲೂ ಎರಡು ಫ್ರೇಮ್ ತೆಗೆಯಿರಿ. ಎರಡರ ವ್ಯತ್ಯಾಸದ ವೇರಿಯನ್ಸ್‌ನಲ್ಲಿ (ಅಂಕಿಗಳು ಎಷ್ಟು ಚದುರಿವೆ ಅನ್ನುವ ಅಳತೆ) ಅರ್ಧ ತೆಗೆದುಕೊಂಡು, ಆಫ್‌ಸೆಟ್ ಕಳೆದ ಸರಾಸರಿಗೆ ಎದುರಾಗಿ ಗ್ರಾಫ್ ಹಾಕಿ. ಗೆರೆಯ ಇಳಿಜಾರು 2 ಬಂದರೆ ಒಂದು ಕೌಂಟಿಗೆ 0.5 ಎಲೆಕ್ಟ್ರಾನ್. ಒಂದೇ ಫ್ರೇಮಿನಿಂದ ಮಾಡಬೇಡಿ, ಪಿಕ್ಸೆಲ್‌ನಿಂದ ಪಿಕ್ಸೆಲ್‌ಗೆ ಇರುವ ವ್ಯತ್ಯಾಸವೂ ಸೇರಿ ಗೆರೆ ಬಾಗುತ್ತದೆ. ಇಎಂ ಆನ್ ಇಟ್ಟು ಅಳೆದರೆ ವೇರಿಯನ್ಸ್ ಸುಮಾರು ಎರಡು ಪಟ್ಟು ಆಗಿ ಲೆಕ್ಕ ಕೆಡುತ್ತದೆ. ಇಎಂ ಗೇನ್ ಬೇರೆಯಾಗಿ ನೋಡಿ: ಅದೇ ಮಂದ ಬೆಳಕಿನಲ್ಲಿ, ಆಫ್‌ಸೆಟ್ ಕಳೆದ ಆನ್ ಮತ್ತು ಆಫ್ ಸರಾಸರಿಗಳ ಅನುಪಾತ. ಹಳೆಯ ಕ್ಯಾಮೆರಾದಲ್ಲಿ ಅದು ಪರದೆ ಮೇಲಿನ ಅಂಕಿಗಿಂತ ಕಡಿಮೆ ಇರಬಹುದು.

ಅದೇ ವಿಂಡೋದಲ್ಲಿ ಪಿಕ್ಸೆಲ್ ಅಳತೆಯೂ ಇದೆ: ಪಿಕ್ಸೆಲ್ 16 ಮೈಕ್ರಾನ್, ಲೆನ್ಸ್ 100ಎಕ್ಸ್ ಆದರೆ 160 ನ್ಯಾನೋಮೀಟರ್. ಸ್ಟೇಜ್ ಮೈಕ್ರೋಮೀಟರ್ (ಸಣ್ಣ ಅಳತೆಗೆರೆ ಇರುವ ಸ್ಲೈಡ್) ಇಟ್ಟು ಒಮ್ಮೆ ಅಳೆದುಬಿಡಿ. ಕ್ಯಾಮೆರಾದ ರೀಡ್‌ಔಟ್ (ಪಿಕ್ಸೆಲ್ ಓದುವ) ವೇಗ ಅಥವಾ ಪ್ರೀಆಂಪ್ (ಕೌಂಟ್ ಆಗುವ ಮೊದಲಿನ ವರ್ಧಕ) ಬದಲಿಸಿದ ದಿನ ಆಫ್‌ಸೆಟ್, ಗೇನ್ ಎರಡನ್ನೂ ಮತ್ತೆ ಅಳೆಯಬೇಕು.