ಒಸಡಿನ ರಕ್ತಕ್ಕೂ ಬೆರಳಿನ ಕೀಲುನೋವಿಗೂ ಏನು ಸಂಬಂಧ?

ಪ್ರಶ್ನೆ: ನನಗೆ 43 ವರ್ಷ. ಮೂರು ವರ್ಷದಿಂದ ರುಮಟಾಯ್ಡ್ ಆರ್ಥ್ರೈಟಿಸ್ (ದೇಹದ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಮೇಲೆ ದಾಳಿ ಮಾಡುವ ಸಂಧಿವಾತ) ಇದೆ, ಅದಕ್ಕೆ ಮೆಥೊಟ್ರೆಕ್ಸೇಟ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಹಲ್ಲುಜ್ಜುವಾಗ ಒಸಡಿನಿಂದ ರಕ್ತ ಬರುತ್ತದೆ. ಬಾಯಿಯ ಬ್ಯಾಕ್ಟೀರಿಯಾದಿಂದಲೇ ಈ ಕಾಯಿಲೆ ಬರುತ್ತದೆ ಎಂದು ಓದಿದೆ. ಹಲ್ಲು ಕ್ಲೀನ್ ಮಾಡಿಸಿದರೆ ಮಾತ್ರೆ ಬಿಡಬಹುದಾ?

ಉತ್ತರ: ದಯವಿಟ್ಟು ಮಾತ್ರೆ ಬಿಡಬೇಡಿ. ಹಾಗಂತ ಒಸಡಿನ ರಕ್ತವನ್ನೂ ಸುಮ್ನೆ ಬಿಡುವ ಹಾಗಿಲ್ಲ. ನೀವು ಓದಿದ್ದರಲ್ಲಿ ಅರ್ಧ ನಿಜವಿದೆ.

ಒಸಡಿನ ರೋಗ ಹಳೆಯದಾದಂತೆ ಹಲ್ಲಿಗೂ ಒಸಡಿಗೂ ನಡುವಿನ ಸಂದು ಆಳವಾಗುತ್ತದೆ. ಗಾಳಿಯಾಡದ ಆ ಜಾಗದಲ್ಲಿ ಪಾರ್ಫಿರೊಮೊನಾಸ್ ಜಿಂಜಿವಾಲಿಸ್ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಇದರಲ್ಲಿರುವ ಒಂದು ಕಿಣ್ವ ಪ್ರೋಟೀನುಗಳಲ್ಲಿನ ಆರ್ಜಿನಿನ್ ಎಂಬ ಅಮೈನೋ ಆಮ್ಲವನ್ನು ಸಿಟ್ರುಲಿನ್ ಎಂಬ ಇನ್ನೊಂದಾಗಿ ಬದಲಿಸುತ್ತದೆ. ಬದಲಾವಣೆ ಚಿಕ್ಕದೇ. ಆದರೆ ಕೆಲವರ ದೇಹ ಹೀಗೆ ಬದಲಾದ ತನ್ನದೇ ಪ್ರೋಟೀನನ್ನು ಹೊರಗಿನದು ಎಂದುಕೊಂಡು ಅದರ ವಿರುದ್ಧ ಪ್ರತಿಕಾಯ (ಆ್ಯಂಟಿಬಾಡಿ) ತಯಾರಿಸುತ್ತದೆ. ನೀವು ಮಾಡಿಸಿರಬಹುದಾದ ಆ್ಯಂಟಿ-ಸಿಸಿಪಿ ಟೆಸ್ಟ್ ಹುಡುಕುವುದು ಇಂಥ ಪ್ರತಿಕಾಯಗಳನ್ನೇ. ಕೀಲುನೋವು ಶುರುವಾಗುವ ವರ್ಷಗಳ ಮೊದಲೇ ಅವು ಅನೇಕರ ರಕ್ತದಲ್ಲಿ ಇರುತ್ತವೆ. ಅದಕ್ಕೇ ಈ ಕಾಯಿಲೆಯ ಮೂಲ ಕೀಲಿನಲ್ಲಲ್ಲ, ಒಸಡು, ಶ್ವಾಸಕೋಶ ಅಥವಾ ಕರುಳಿನಲ್ಲಿ ಇರಬಹುದು ಎಂಬ ಅನುಮಾನ ಬಲವಾಗಿದೆ. 2023ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಒಸಡಿನ ರೋಗವೂ ಇದ್ದ ಸಂಧಿವಾತ ರೋಗಿಗಳ ರಕ್ತದಲ್ಲಿ ಬಾಯಿಯ ಬ್ಯಾಕ್ಟೀರಿಯಾದ ಗುರುತುಗಳು ಮತ್ತೆ ಮತ್ತೆ ಸಿಕ್ಕವು.

ಆದರೆ ಬ್ಯಾಕ್ಟೀರಿಯಾ ಒಂದೇ ಕಾರಣ ಅಂದರೆ ಲೆಕ್ಕ ಕೂಡುವುದಿಲ್ಲ. ಈ ಸಂಧಿವಾತ ಗಂಡಸರಿಗಿಂತ ಹೆಂಗಸರಲ್ಲಿ ಎರಡು-ಮೂರು ಪಟ್ಟು ಜಾಸ್ತಿ. ತೀವ್ರವಾದ ಒಸಡಿನ ರೋಗ ಮಾತ್ರ ಗಂಡಸರಲ್ಲೇ ಹೆಚ್ಚು! ಅಂದರೆ ವಂಶವಾಹಿ, ಹಾರ್ಮೋನು, ಧೂಮಪಾನ ಎಲ್ಲವೂ ಇದರಲ್ಲಿ ಸೇರಿಕೊಂಡಿವೆ. ಗರ್ಭಿಣಿಯಾದಾಗ ಅನೇಕರಿಗೆ ಕೀಲುನೋವು ಇಳಿಯುತ್ತದೆ, ಹೆರಿಗೆಯ ನಂತರ ಮರಳುತ್ತದೆ. ಒಸಡು ಮಾತ್ರ ಗರ್ಭಿಣಿಯಾಗಿದ್ದಾಗಲೇ ಜಾಸ್ತಿ ಊದಿಕೊಳ್ಳುತ್ತದೆ. ಎರಡೂ ಒಂದೇ ದಾರಿಯಲ್ಲಿ ಸಾಗುವುದಿಲ್ಲ, ಅಲ್ವಾ?

ಒಸಡಿಗೆ ಚಿಕಿತ್ಸೆ ಮಾಡಿಸಿದ ಮೇಲೆ ಕೀಲಿನ ಊತ ಇಳಿದದ್ದು ಕೆಲವು ಸಣ್ಣ ಪ್ರಯೋಗಗಳಲ್ಲಿ ಕಂಡಿದೆ, ಎಲ್ಲದರಲ್ಲೂ ಅಲ್ಲ. ಹಾಗಾಗಿ ಅದು ಮಾತ್ರೆಯ ಜೊತೆಗೆ ಇರಲಿ, ಮಾತ್ರೆಯ ಬದಲಿಗೆ ಬೇಡ. ಕೀಲಿಗೆ ಲಾಭ ಆಗದಿದ್ದರೂ ಹಲ್ಲು ಉಳಿಯುತ್ತದಲ್ಲ, ನನ್ನ ಮಟ್ಟಿಗೆ ಅಷ್ಟು ಕಾರಣ ಸಾಕು.

ದಂತವೈದ್ಯರಿಗೆ ನಿಮ್ಮ ಎಲ್ಲ ಔಷಧಿಗಳ ಹೆಸರು ಹೇಳಿ. ಬೆಳಿಗ್ಗೆ ಕೈ ಬಿಗಿಯಾಗಿರುತ್ತದೆ, ದವಡೆಯೂ ಹಿಡಿದಿರಬಹುದು. ಮಧ್ಯಾಹ್ನದ ಸಮಯ ಕೇಳಿ ಪಡೆಯಿರಿ. ರಕ್ತ ಬರುತ್ತದೆಂದು ಆ ಜಾಗ ಬಿಟ್ಟು ಉಜ್ಜುವವರು ಬಹಳ ಮಂದಿ. ಅದರಿಂದ ರೋಗ ಹೆಚ್ಚುತ್ತದೆ. ಬೆರಳು ಮಡಚಲು ಕಷ್ಟವಾದರೆ ದಪ್ಪ ಹಿಡಿಯ ಬ್ರಷ್ ಅಥವಾ ಎಲೆಕ್ಟ್ರಿಕ್ ಬ್ರಷ್ ಬಳಸಿ. ಹಲ್ಲಿನ ಸಂದು ತೆಗೆಯುವ ದಾರ (ಫ್ಲಾಸ್) ಹಿಡಿಯಲು ಆಗದಿದ್ದರೆ ಹಲ್ಲಿನ ಸಂದಿಗೆಂದೇ ಸಣ್ಣ ಬ್ರಷ್ ಸಿಗುತ್ತದೆ. ಬಾಯಿ ಸದಾ ಒಣಗುತ್ತಿದ್ದರೆ ಅದನ್ನೂ ಹೇಳಿ. ಈ ಕಾಯಿಲೆಯ ಜೊತೆಗೆ ಬರುವ, ಬಾಯಿ-ಕಣ್ಣು ಒಣಗಿಸುವ ಶೋಗ್ರನ್ಸ್ ಸಿಂಡ್ರೋಮ್ ಇರಬಹುದು.

ಇನ್ನೊಂದು ಮಾತು. ಮೆಥೊಟ್ರೆಕ್ಸೇಟ್‌ನಿಂದ ಬಾಯಿಹುಣ್ಣು ಆಗಬಹುದು. ಫೋಲಿಕ್ ಆ್ಯಸಿಡ್ ಕೊಡುವ ಕಾರಣಗಳಲ್ಲಿ ಇದೂ ಒಂದು. ಹುಣ್ಣಿನ ಜೊತೆ ಜ್ವರವೂ ಬಂದರೆ ಒಸಡಿನ ತೊಂದರೆ ಇರಬೇಕು ಎಂದುಕೊಂಡು ಕಾಯಬೇಡಿ. ಮುಂದಿನ ಡೋಸ್ ತೆಗೆದುಕೊಳ್ಳುವ ಮೊದಲು, ಅದೇ ದಿನ ನಿಮ್ಮ ಸಂಧಿವಾತ ವೈದ್ಯರಿಗೆ ಫೋನ್ ಮಾಡಿ.