ಕಾರವಾರದಲ್ಲಿ ಪಾರ್ಸೆಲ್ ಡೆಲಿವರಿ ನಡೆಸುತ್ತಿದ್ದೇನೆ. ಕ್ಲೌಡ್ ಕಿಚನ್, ಹೋಮ್‌ಸ್ಟೇ ಎರಡನ್ನೂ ಈಗಲೇ ಶುರು ಮಾಡಬಹುದಾ?

ನೀವು ಬರೆದಿದ್ದು ಇಷ್ಟು: ಮೂರು ವರ್ಷದಿಂದ ಡೆಲಿವರಿ ಏಜೆನ್ಸಿ ಇದೆ, ಐದು ಜನ ಹುಡುಗರು, ಒಂದು ವ್ಯಾನ್. ಕೈಯಲ್ಲಿ ಸ್ವಲ್ಪ ದುಡ್ಡು ಓಡಾಡುತ್ತಿದೆ. ಅದನ್ನು ಹಾಕಿ ಕಾರವಾರ ಪೇಟೆಯಲ್ಲಿ ಕ್ಲೌಡ್ ಕಿಚನ್ (ಕೂತು ಉಣ್ಣುವ ಜಾಗ ಇಲ್ಲದೆ, ಆರ್ಡರ್ ಬಂದ ಊಟ ಮಾಡಿ ಮನೆಗೆ ಕಳಿಸುವ ಅಡುಗೆಮನೆ), ದೇವಬಾಗ ಕಡೆ ಹೋಮ್‌ಸ್ಟೇ ಮಾಡುವ ಆಸೆ.

ನಾನು ಕುಮಟಾದವನು. 2017ರಿಂದ ಇದೇ ಕೆಲಸ. ಒಂದು ಸ್ಕೂಟರ್‌ನಿಂದ ಶುರುವಾಗಿದ್ದು, ಈಗ ಎಂಟು ಹುಡುಗರಿದ್ದಾರೆ, ಎರಡು ವ್ಯಾನ್ ಇವೆ. ಕುಮಟಾ, ಅಂಕೋಲಾ ಮತ್ತು ಶಿರಸಿಯ ಸ್ವಲ್ಪ ಭಾಗ ನೋಡಿಕೊಳ್ಳುತ್ತೇನೆ. ಡೆಲಿವರಿ ಬಿಟ್ಟು ಬೇರೆ ವ್ಯಾಪಾರಕ್ಕೆ ನಾನೂ ಎರಡು ಸಲ ಕೈ ಹಾಕಿದೆ. ಮೊದಲನೆಯದು ಮುಳುಗಿತು, ಎರಡನೆಯದು ನಡೆಯುತ್ತಿದೆ. ನನಗೆ ಗೊತ್ತಿರುವುದು ಆ ಎರಡರಿಂದ ಕಲಿತದ್ದೇ.

ನಿಮ್ಮ ಪ್ರಶ್ನೆಗೆ ನೇರ ಉತ್ತರ: ಎರಡೂ ಒಟ್ಟಿಗೆ ಬೇಡ. ಈಗ ಒಂದೂ ಬೇಡ ಅಂತಲೇ ನನಗೆ ಅನಿಸುತ್ತದೆ. ಯಾಕೆ ಅಂತ ಹೇಳುತ್ತೇನೆ.

ಮೊದಲು ಆ "ಕೈಯಲ್ಲಿ ಓಡಾಡುತ್ತಿರುವ ದುಡ್ಡು". ಅದು ಯಾರದ್ದು? ಕ್ಯಾಶ್ ಆನ್ ಡೆಲಿವರಿ ಇರುವ ಏಜೆನ್ಸಿಯಲ್ಲಿ ಸಂಜೆ ಹುಡುಗರು ಬಂದು ಮೇಜಿನ ಮೇಲೆ ನೋಟು ಸುರಿಯುತ್ತಾರೆ. ನನ್ನಲ್ಲಿ 2019ರಲ್ಲಿ ದಿನಕ್ಕೆ 60-70 ಸಾವಿರ ಬರುತ್ತಿತ್ತು. ರಾತ್ರಿಯಿಡೀ ಅದು ನಮ್ಮ ಕಪಾಟಿನಲ್ಲಿ. ಬೆಳಿಗ್ಗೆ ಪಾರ್ಸೆಲ್ ಕಂಪನಿಯ ಲೆಕ್ಕಕ್ಕೆ ಬ್ಯಾಂಕಿಗೆ ಕಟ್ಟಬೇಕು. ದಿನಾ ಅಷ್ಟು ದುಡ್ಡು ಎಣಿಸುವ ಕೈಗೆ ಅದು ನಮ್ಮದೇ ಅನಿಸಲು ಶುರುವಾಗುತ್ತದೆ. ನನಗೆ ಹಾಗೇ ಆಯಿತು. ಅದರಲ್ಲಿ ನನ್ನದು ಅಂತ ಇದ್ದದ್ದು ಪಾರ್ಸೆಲ್‌ಗೆ 15-16 ರೂಪಾಯಿ ಮಾತ್ರ, ಅದೂ ಮುಂದಿನ ತಿಂಗಳು ಖಾತೆಗೆ ಬರುವಂಥದ್ದು.

ಆ ವರ್ಷ ನನ್ನ ತಲೆಗೆ ಮೀನು ಹೊಕ್ಕಿತ್ತು. ನಮಗೆ ಮಾಲು ಹುಬ್ಬಳ್ಳಿಯಿಂದ ಶಿರಸಿಗೆ ಬರುತ್ತದೆ. ಅಲ್ಲಿಂದ ನಮ್ಮ ವ್ಯಾನ್ ದೇವಿಮನೆ ಘಟ್ಟ ಇಳಿದು ಬೆಳಿಗ್ಗೆ ಎಂಟರೊಳಗೆ ಕುಮಟಾ ಮುಟ್ಟಬೇಕು. ಇಳಿಯುವಾಗ ಗಾಡಿ ತುಂಬಿರುತ್ತದೆ. ಹತ್ತುವಾಗ ವಾಪಸ್ ಹೋಗುವ ಹತ್ತಿಪ್ಪತ್ತು ಪಾರ್ಸೆಲ್, ಅಷ್ಟೇ. ಡೀಸೆಲ್ ಮಾತ್ರ ಹತ್ತುವಾಗಲೇ ಜಾಸ್ತಿ. ಖಾಲಿ ಗಾಡಿ ನೋಡಿ ಹೊಟ್ಟೆ ಉರಿಯುತ್ತಿತ್ತು. ಶಿರಸಿಯವರಿಗೆ ಕುಮಟಾದ ತಾಜಾ ಬಂಗಡೆ, ಶೆಟ್ಲಿ (ಸಿಗಡಿ) ಮನೆ ಬಾಗಿಲಿಗೆ ಕೊಟ್ಟರೆ ಹೇಗೆ ಅಂತ ಹೊಳೆಯಿತು.

ಯೋಚನೆ ಕೆಟ್ಟದ್ದಾಗಿರಲಿಲ್ಲ. ಅವಸರ ಕೆಟ್ಟದ್ದು. ಐಸ್ ಹಾಕುವ ದೊಡ್ಡ ಪೆಟ್ಟಿಗೆಗಳು, ತಕ್ಕಡಿ, ಮೀನು ಕೊಯ್ದು ಕೊಡಲು ಒಬ್ಬರ ಸಂಬಳ, ಎಲ್ಲಾ ಸೇರಿ 90 ಸಾವಿರ ಬೇಕಿತ್ತು. ನನ್ನ ಹತ್ತಿರ 40 ಇತ್ತು. ಉಳಿದ 50 ಸಾವಿರವನ್ನು ಕಪಾಟಿನಿಂದ ತೆಗೆದೆ. ನಾಲ್ಕು ದಿನದಲ್ಲಿ ತುಂಬಿಸಿಬಿಡುತ್ತೇನೆ ಅಂದುಕೊಂಡಿದ್ದೆ. ಆಗಲಿಲ್ಲ. ಕಂಪನಿಯವರು ಲೆಕ್ಕ ನೋಡಿ ನನ್ನ ಐಡಿ ಬ್ಲಾಕ್ ಮಾಡಿದರು. ಮೂರು ದಿನ ಒಂದು ಪಾರ್ಸೆಲ್ ಹೊರಗೆ ಹೋಗಲಿಲ್ಲ. ಗೋದಾಮಿನಲ್ಲಿ ಪೆಟ್ಟಿಗೆಗಳು ಬಾಗಿಲವರೆಗೆ ಬೆಳೆದವು. ಜನ ಬಂದು ಕೇಳುತ್ತಿದ್ದರು, ಹುಡುಗರು ನನ್ನ ಮುಖ ನೋಡುತ್ತಿದ್ದರು. ತಪ್ಪು ಪೂರ್ತಿ ನನ್ನದು. ಹೆಂಡತಿಯ ಬಳೆ ಅಡವಿಟ್ಟು ಕಟ್ಟಿದೆ. ಆ ಮೂರು ದಿನ ನನಗೆ ಇವತ್ತಿಗೂ ಮರೆತಿಲ್ಲ.

ಅದಕ್ಕೇ ನಿಮಗೆ ಮೊದಲ ಕೆಲಸ ಇದು. ಕ್ಯಾಶ್ ಆನ್ ಡೆಲಿವರಿ ದುಡ್ಡಿಗೆ ಒಂದು ಖಾತೆ, ನಿಮ್ಮ ಗಳಿಕೆಗೆ ಇನ್ನೊಂದು, ಹೊಸ ವ್ಯಾಪಾರಕ್ಕೆ ಮೂರನೆಯದು. ಈಗ ಜನ ಯುಪಿಐನಲ್ಲೇ ಜಾಸ್ತಿ ಕೊಡುವುದರಿಂದ ನೋಟು ಕಡಿಮೆಯಾಗಿದೆ, ಆದರೂ ಇದು ಬೇಕು. ಹೀಗೆ ಮೂರು ತಿಂಗಳು ನಡೆಸಿ. ಆಮೇಲೆ ಎರಡನೇ ಖಾತೆಯಲ್ಲಿ ಏನು ಉಳಿದಿದೆ ನೋಡಿ. ಅದೇ ನಿಮ್ಮ ಬಂಡವಾಳ.

ಮೀನು ಯಾಕೆ ಮುಳುಗಿತು ಅಂದರೆ, ದುಡ್ಡು ಬಿಟ್ಟು ಬೇರೆ ಕಾರಣಗಳೂ ಇದ್ದವು. ಮೀನು ಬೆಳಿಗ್ಗೆ ಸಿಗುತ್ತದೆ. ವ್ಯಾನ್‌ನಿಂದ ಮಾಲು ಇಳಿಸಿ, ಮೀನು ತುಂಬಿ, ಘಟ್ಟ ಹತ್ತಿ ಶಿರಸಿ ಸೇರುವಾಗ ಮಧ್ಯಾಹ್ನ ಒಂದೂವರೆ. ಅಷ್ಟು ಹೊತ್ತಿಗೆ ಮನೆಗಳಲ್ಲಿ ಊಟ ಮುಗಿದಿರುತ್ತದೆ. ಮತ್ತೆ ನಾನು ಶುರು ಮಾಡಿದ್ದು ಏಪ್ರಿಲ್‌ನಲ್ಲಿ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ, 61 ದಿನ. ಕರಾವಳಿಯಲ್ಲೇ ಹುಟ್ಟಿ ಬೆಳೆದವನು ನಾನು, ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ವಾಪಸ್ ಹೋಗುವ ಪಾರ್ಸೆಲ್‌ಗಳಿಗೆ ಮೀನಿನ ನೀರು ತಾಗಿತು. ಒಂದು ಸೀರೆ ಪೆಟ್ಟಿಗೆಗೆ ದಂಡ ಕಟ್ಟಿದೆ. ಜುಲೈ ಮುಗಿಯುವ ಮೊದಲೇ ಪೆಟ್ಟಿಗೆಗಳನ್ನು ಅರ್ಧ ಬೆಲೆಗೆ ಮಾರಿದೆ.

ಆದರೆ ಘಟ್ಟ ಹತ್ತುವ ಆ ಖಾಲಿ ಗಾಡಿ ಹಾಗೇ ಇತ್ತಲ್ಲ. ಅದಕ್ಕೆ ಉತ್ತರ ಸಿಕ್ಕಿದ್ದು 2022ರಲ್ಲಿ, ಅದೂ ಡೆಲಿವರಿ ಮಾಡುವಾಗಲೇ.

ಕುಮಟಾದ ಸಿಹಿ ನೀರುಳ್ಳಿ ನಿಮಗೆ ಗೊತ್ತಿದ್ದದ್ದೇ. ಬೇಸಿಗೆಯಲ್ಲಿ ಅಳ್ವೆಕೋಡಿ, ಹಂದಿಗೋಣ ಕಡೆ ಹೆದ್ದಾರಿ ಬದಿಯಲ್ಲಿ ಗೊಂಚಲು ಗೊಂಚಲಾಗಿ ನೇತಾಡುತ್ತಿರುತ್ತದೆ. ಕಾರು ನಿಲ್ಲಿಸಿ ಜನ ತೆಗೆದುಕೊಂಡು ಹೋಗುತ್ತಾರೆ. ಆ ಕಡೆ ಪಾರ್ಸೆಲ್ ಕೊಡಲು ಹೋದಾಗ ಮನೆಯವರು ನಮ್ಮ ಹುಡುಗನಿಗೆ ಹೇಳುತ್ತಿದ್ದರಂತೆ, "ಬೆಂಗಳೂರಲ್ಲಿ ಮಗಳಿಗೆ ಒಂದು ಗೊಂಚಲು ಕಳಿಸೋಕೆ ಆಗ್ತದಾ ನೋಡು" ಅಂತ. ಒಬ್ಬರಲ್ಲ, ಒಂದೇ ವಾರದಲ್ಲಿ ನಾಲ್ಕು ಮನೆ. ಹುಡುಗ ಬಂದು ನನಗೆ ಹೇಳಿದ. ಮೀನಿನ ಸಲ ನಾನು ಗಿರಾಕಿಯನ್ನು ಹುಡುಕಿಕೊಂಡು ಹೋಗಿದ್ದೆ. ಈ ಸಲ ಕೇಳುವವರು ಮೊದಲೇ ಇದ್ದರು.

ಮೊದಲ ಸಲ 20 ಪೆಟ್ಟಿಗೆ ಕಳಿಸಿದೆವು. ಗೊಂಚಲಿನ ಎಲೆ ಕತ್ತರಿಸಿ, ಚೆನ್ನಾಗಿ ಕಾಣಲಿ ಅಂತ ಪ್ಲಾಸ್ಟಿಕ್ ಸುತ್ತಿ, ರಟ್ಟಿನ ಪೆಟ್ಟಿಗೆಯಲ್ಲಿ ಟೇಪು ಹಚ್ಚಿ ಮುಚ್ಚಿದೆವು. ಏಳು ಪೆಟ್ಟಿಗೆಯಲ್ಲಿ ನೀರುಳ್ಳಿ ಮೆತ್ತಗಾಗಿ ವಾಸನೆ ಬಂದಿತ್ತು. ದುಡ್ಡು ವಾಪಸ್ ಕೊಟ್ಟೆ. ಮರುದಿನ ನೀರುಳ್ಳಿ ಕೊಟ್ಟಿದ್ದ ಅಜ್ಜಿಯ ಹತ್ತಿರ ಹೋಗಿ ವಿಷಯ ಹೇಳಿದೆ. ಅವರು ಜಗಲಿಯ ಮಾಡಿನ ಕೆಳಗೆ ಬಿದಿರಿಗೆ ನೇತುಹಾಕಿದ್ದ ಗೊಂಚಲು ತೋರಿಸಿ, "ತಮಾ, ಅದ್ರ ಉಸಿರು ಕಟ್ಟಿಸಿಬಿಟ್ಯಲ್ಲ" ಅಂದರು. ಒಣಗಿದ ಎಲೆಯನ್ನು ಜಡೆಯ ಹಾಗೆ ಹೆಣೆದು ನೇತುಹಾಕುವುದೇ ಗಾಳಿ ಆಡಲಿ ಅಂತ. ಹಾಗಿಟ್ಟರೆ ತಿಂಗಳುಗಟ್ಟಲೆ ಇರುತ್ತದೆ. ನಾವು ಚೆಂದಕ್ಕೆ ಅಂತ ಮಾಡಿದ್ದೇ ಅದನ್ನು ಕೊಳೆಸಿತ್ತು.

ಈಗ ಜಡೆ ಬಿಚ್ಚುವುದಿಲ್ಲ. ಪೆಟ್ಟಿಗೆಗೆ ನಾಲ್ಕೂ ಕಡೆ ತೂತು, ಕೆಳಗೆ ಒಣ ಹುಲ್ಲು, ಮೇಲೆ ಒಂದು ಚೀಟಿ: "ಬಂದ ಕೂಡಲೇ ತೆಗೆದು ನೇತುಹಾಕಿ". ಫ್ರಿಜ್ಜಿನಲ್ಲಿ ಇಡಬೇಡಿ ಅಂತ ಕೆಂಪು ಶಾಯಿಯಲ್ಲಿ ಬರೆಯುತ್ತೇವೆ. ಸಂಜೆಯ ವ್ಯಾನ್‌ನಲ್ಲಿ ಘಟ್ಟ ಹತ್ತುತ್ತದೆ, ಅಲ್ಲಿಂದ ಬೆಂಗಳೂರಿಗೆ. ಮಾರ್ಚ್‌ನಿಂದ ಮೇ ತನಕ ಮಾತ್ರ. ಬೆಳೆದವರಿಗೆ ಅದೇ ದಿನ ದುಡ್ಡು ಕೊಡುತ್ತೇನೆ, ಸಾಲ ಇಡುವುದಿಲ್ಲ. 2024ರ ಬೇಸಿಗೆಯಲ್ಲಿ ಎಲ್ಲಾ ಖರ್ಚು ಕಳೆದು ಸುಮಾರು 80 ಸಾವಿರ ಉಳಿಯಿತು. ದೊಡ್ಡ ಮೊತ್ತ ಅಂತ ಹೇಳುತ್ತಿಲ್ಲ. ಆದರೆ ಅದಕ್ಕೆ ಹೊಸ ಗಾಡಿ ಬೇಕಾಗಲಿಲ್ಲ, ಹೊಸ ಸಾಲ ಬೇಕಾಗಲಿಲ್ಲ.

ಆ ವರ್ಷ ಜುಲೈ 16ಕ್ಕೆ ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಹೆದ್ದಾರಿ ಬದಿಯ ಅಂಗಡಿ, ಲಾರಿ, ಜನ, ಎಲ್ಲವನ್ನೂ ಗಂಗಾವಳಿ ನದಿಗೆ ನೂಕಿತು. ಕುಮಟಾ-ಅಂಕೋಲಾ ಓಡಾಡುವಾಗ ನಮ್ಮ ಹುಡುಗರು ಅಲ್ಲಿ ಚಹಾ ಕುಡಿಯಲು ನಿಲ್ಲುತ್ತಿದ್ದರು. ಅವತ್ತು ಬೆಳಿಗ್ಗೆ ಇಬ್ಬರಿಗೆ ಫೋನ್ ಹತ್ತುವ ತನಕ ನಾನು ಕುಳಿತಲ್ಲಿ ಕುಳಿತಿರಲಿಲ್ಲ. ಜೀವ ಹೋದವರ ಮುಂದೆ ನನ್ನ ನಷ್ಟದ ಮಾತು ಆಡಲು ಮನಸ್ಸು ಬರುವುದಿಲ್ಲ. ನಿಮ್ಮ ಪ್ರಶ್ನೆಗೆ ಸಂಬಂಧ ಇದೆ ಅಂತ ಹೇಳುತ್ತಿದ್ದೇನೆ. ಹೆದ್ದಾರಿ ದಿನಗಟ್ಟಲೆ ಬಂದ್. ಅಂಕೋಲಾ ಕಡೆಯ ಡೆಲಿವರಿ ನಿಂತೇ ಹೋಯಿತು. ಪಾರ್ಸೆಲ್ ಇಲ್ಲ ಅಂದರೆ ನಮಗೆ ರೂಪಾಯಿ ಇಲ್ಲ. ಸಂಬಳ, ಬಾಡಿಗೆ, ವ್ಯಾನಿನ ಕಂತು ಮಾತ್ರ ನಿಲ್ಲುವುದಿಲ್ಲ. ಆ ತಿಂಗಳು ಹುಡುಗರ ಸಂಬಳದ ದೊಡ್ಡ ಪಾಲು ಹೋದದ್ದು ನೀರುಳ್ಳಿ ಖಾತೆಯಿಂದ. ಒಬ್ಬರನ್ನೂ ಮನೆಗೆ ಕಳಿಸಲಿಲ್ಲ.

ಮೂರು ವಾರದ ನಂತರ, ಆಗಸ್ಟ್ 7ರ ನಸುಕಿನಲ್ಲಿ, ಕಾಳಿ ನದಿಯ ಹಳೆ ಸೇತುವೆ ಬಿತ್ತು. ಅದನ್ನು ಕಾರವಾರದ ನಿಮಗೆ ನಾನು ಹೇಳಬೇಕಾಗಿಲ್ಲ. ಪಕ್ಕದಲ್ಲಿ ಹೊಸ ಸೇತುವೆ ಇದ್ದದ್ದಕ್ಕೆ ದಾರಿ ಉಳಿಯಿತು. ನಿಮ್ಮ ಹೋಮ್‌ಸ್ಟೇ ದೇವಬಾಗದಲ್ಲಿ, ಅಂದರೆ ಆ ಸೇತುವೆಯ ಆಚೆ. ನಿಮ್ಮ ಏಜೆನ್ಸಿ ಈಚೆ. ಎರಡೂ ಒಂದೇ ಹೆದ್ದಾರಿಯನ್ನು ನಂಬಿಕೊಂಡಿವೆ.

ಈಗ ನಿಮ್ಮ ಎರಡು ಯೋಚನೆಗೆ ಬರೋಣ. ಮಳೆಗಾಲದಲ್ಲಿ ನಮ್ಮ ಡೆಲಿವರಿ ಸೊರಗುತ್ತದೆ. ಹೋಮ್‌ಸ್ಟೇಯೂ ಅದೇ ತಿಂಗಳುಗಳಲ್ಲಿ ಖಾಲಿ. ದಸರಾ-ದೀಪಾವಳಿಗೆ ಪಾರ್ಸೆಲ್ ಎರಡು ಪಟ್ಟು ಬರುತ್ತದೆ, ರಾತ್ರಿ ಹನ್ನೊಂದರ ತನಕ ಗೋದಾಮಿನಲ್ಲಿ ನಿಲ್ಲಬೇಕು. ರಜೆಯ ಜನ ದೇವಬಾಗಕ್ಕೆ ಬರುವುದೂ ಅದೇ ವಾರ. ನೀವು ಎಲ್ಲಿ ಇರುತ್ತೀರಿ? ಮನೆಯಲ್ಲಿ ಅಣ್ಣನೋ, ಅತ್ತಿಗೆಯೋ ಅಲ್ಲೇ ಇದ್ದು ಪೂರ್ತಿ ನೋಡಿಕೊಳ್ಳುತ್ತಾರೆ ಅಂದರೆ ಬೇರೆ ಮಾತು. ಆಗ ಅದು ಅವರ ವ್ಯಾಪಾರ, ನೀವು ಬರೀ ದುಡ್ಡು ಹಾಕಿದವರು.

ಕ್ಲೌಡ್ ಕಿಚನ್ ಹತ್ತಿರದ್ದು ಅನಿಸುತ್ತದೆ, ಹುಡುಗರು ಇದ್ದಾರಲ್ಲ, ಬೈಕ್ ಇದೆಯಲ್ಲ ಅಂತ. ನನಗೂ ಹಾಗೆ ಅನಿಸಿತ್ತು. ಒಂದು ದಿನ ಗಡಿಯಾರ ಹಿಡಿದು ನೋಡಿ. ಪಾರ್ಸೆಲ್ ಹುಡುಗ ಒಂಬತ್ತೂವರೆಗೆ ಹೊರಟರೆ ಎರಡರ ತನಕ ಬಿಡುವಿಲ್ಲ. ಊಟದ ಆರ್ಡರ್ ಬರುವುದು ಹನ್ನೆರಡೂವರೆಯಿಂದ ಎರಡು. ಪಾರ್ಸೆಲ್ ಒಂದೇ ದಾರಿಯಲ್ಲಿ ನಲವತ್ತು ಹಂಚಬಹುದು, ಊಟ ಒಂದೊಂದೇ ಓಡಿಸಬೇಕು. ಹಾಗಾಗಿ ಅದೇ ಹುಡುಗರಿಂದ ಆಗುವುದಿಲ್ಲ, ಹೊಸ ಹುಡುಗರು ಬೇಕು. ಅಲ್ಲಿಗೆ ನಿಮ್ಮ ಡೆಲಿವರಿಯಿಂದ ಅದಕ್ಕೆ ಏನು ಉಪಯೋಗವಾಯಿತು?

ದೂರದ ಹಳ್ಳಿಯ ಲೆಕ್ಕವನ್ನೂ ಒಮ್ಮೆ ಮಾಡಿ. ಹೋಗಿ ಬರಲು 28 ಕಿಲೋಮೀಟರ್ ಇದ್ದರೆ ಪೆಟ್ರೋಲೇ 60 ರೂಪಾಯಿ ಮೇಲೆ. ಒಂದೇ ಪಾರ್ಸೆಲ್ ಇದ್ದರೆ ಸಿಗುವುದು 16. ಆರು ಪಾರ್ಸೆಲ್ ಆದರೆ ಸ್ವಲ್ಪ ಉಳಿಯುತ್ತದೆ. ಬರುವಾಗ ಅದೇ ಹಳ್ಳಿಯಿಂದ ಎರಡು ಪೆಟ್ಟಿಗೆ ತಂದರೆ ನಿಜವಾಗಿ ಉಳಿಯುತ್ತದೆ. ನಿಮ್ಮ ಕಡೆ ಮುರುಗಲು (ಕೋಕಂ) ಇದೆ, ಒಣ ಮೀನು ಇದೆ. ಅಂಕೋಲಾದಲ್ಲಿ ಕರಿ ಇಶಾಡು ಮಾವು ಇದೆ, 2023ರಲ್ಲಿ ಅದಕ್ಕೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯೂ ಸಿಕ್ಕಿತು. ಆದರೆ ಸಿಪ್ಪೆ ತೆಳು, ಬೇಗ ಕೆಡುತ್ತದೆ. ದೂರಕ್ಕೆ ಕಳಿಸುವ ಮೊದಲು ಐದು ಪೆಟ್ಟಿಗೆ ನಿಮ್ಮ ನೆಂಟರಿಗೇ ಕಳಿಸಿ ನೋಡಿ.

ಕಾಗದ ಪತ್ರದ ಮಾತು ಬೇಗ ಮುಗಿಸುತ್ತೇನೆ. ಒಂದೇ ಪ್ಯಾನ್ ಮೇಲೆ ಎರಡು ವ್ಯಾಪಾರ ಮಾಡಿದರೆ ಜಿಎಸ್‌ಟಿಗೆ ಎರಡರ ವಹಿವಾಟೂ ಕೂಡಿ ಲೆಕ್ಕ. ಬರೀ ಸಾಮಾನು ಮಾರುವವರಿಗೆ ವರ್ಷಕ್ಕೆ 40 ಲಕ್ಷ ವಹಿವಾಟಿನ ತನಕ ನೋಂದಣಿ ಬೇಡ ಅಂತ ಯಾರೋ ಹೇಳುತ್ತಾರೆ. ನಿಮ್ಮದು ಡೆಲಿವರಿ, ಅದು ಸೇವೆ, ಮಿತಿ 20 ಲಕ್ಷ. ಇನ್ನೊಂದು, ಕಾರವಾರದವರು ಇದರಲ್ಲಿ ಸುಲಭವಾಗಿ ಸಿಕ್ಕಿಕೊಳ್ಳುತ್ತಾರೆ: ಗಡಿಯ ಮಾಜಾಳಿ ದಾಟಿ ಗೋವಾಕ್ಕೆ ಒಂದು ಬಾಟಲಿ ಉಪ್ಪಿನಕಾಯಿ ಮಾರಿದರೂ ಅದು ಹೊರ ರಾಜ್ಯದ ಮಾರಾಟ, ಮಿತಿಯ ಮಾತೇ ಇಲ್ಲ, ನೋಂದಣಿ ಬೇಕು. ತಿನ್ನುವ ವಸ್ತು ಏನೇ ಇರಲಿ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಮಾಡಿಸಿ, 14 ಅಂಕಿಯ ಸಂಖ್ಯೆ ಪೊಟ್ಟಣದ ಮೇಲೆ ಇರಬೇಕು. ಸಣ್ಣ ವ್ಯಾಪಾರಗಳಿಗೆ ಸರ್ಕಾರದ ಉದ್ಯಮ್ ನೋಂದಣಿ ಉಚಿತ, ಯಾರಾದರೂ ಅದಕ್ಕೆ ದುಡ್ಡು ಕೇಳಿದರೆ ಎದ್ದು ಬನ್ನಿ. ಬಿಳಿ ಬೋರ್ಡಿನ ಗಾಡಿಯಲ್ಲಿ ಬಾಡಿಗೆಗೆ ಸಾಮಾನು ಹೊರಬೇಡಿ. ಅಪಘಾತ ಆದ ದಿನ ವಿಮೆ ಕೈಕೊಡುತ್ತದೆ.

ಕೊನೆಗೆ ನಿಮ್ಮ ಐದು ಹುಡುಗರ ವಿಷಯ. ನಮ್ಮ ಕಡೆ ವಿಳಾಸದಲ್ಲಿ ಹೆಸರು, ಊರು ಬಿಟ್ಟು ಏನೂ ಇರುವುದಿಲ್ಲ. "ಹೆಗಡೆ" ಅಂತ ಕೇಳಿದರೆ ಒಂದೇ ಊರಿನಲ್ಲಿ ಹದಿನೈದು ಮನೆ. "ನಾಯ್ಕ" ಅಂದರೆ ಇಡೀ ಕೇರಿ. ಯಾವ ಮನೆಗೆ ಯಾವ ಕಾಲುದಾರಿ, ಯಾರ ಮನೆ ನಾಯಿ ಕಚ್ಚುತ್ತದೆ, ಯಾರು ಮಧ್ಯಾಹ್ನ ತೋಟದಲ್ಲಿರುತ್ತಾರೆ, ಎಲ್ಲಾ ಅವರ ತಲೆಯಲ್ಲಿದೆ. ನೀರುಳ್ಳಿಯ ಸುದ್ದಿ ತಂದ ಹುಡುಗನಿಗೆ ನಾನು ಪ್ರತಿ ಪೆಟ್ಟಿಗೆಗೆ 5 ರೂಪಾಯಿ ಕೊಡುತ್ತೇನೆ, ಇವತ್ತಿಗೂ. ನಿಮ್ಮವರನ್ನೂ ಒಂದು ಸಂಜೆ ಕೂರಿಸಿ ಚಹಾ ಕೊಟ್ಟು ಕೇಳಿ, ಬಾಗಿಲಲ್ಲಿ ಜನ ಏನು ಕೇಳುತ್ತಾರೆ ಅಂತ.

ಒಂದು ಪುಸ್ತಕ ಇಡಿ. ಮೂವತ್ತು ದಿನ ನಿಮ್ಮ ವ್ಯಾನ್ ಎಲ್ಲಿಂದ ಎಲ್ಲಿಗೆ, ಎಷ್ಟು ಹೊತ್ತಿಗೆ, ಎಷ್ಟು ತುಂಬಿ ಹೋಯಿತು, ಎಷ್ಟು ಖಾಲಿ ಬಂತು ಅಂತ ಬರೆಯಿರಿ. ಅದನ್ನು ಇಲ್ಲಿ ಹಾಕಿ, ಕುಳಿತು ಒಟ್ಟಿಗೆ ನೋಡೋಣ. ಮಾರ್ಚ್‌ನಲ್ಲಿ ಈ ಕಡೆ ಬಂದರೆ ಅಳ್ವೆಕೋಡಿಗೆ ನಾನೇ ಕರೆದುಕೊಂಡು ಹೋಗುತ್ತೇನೆ. ನೀರುಳ್ಳಿ ಹೇಗೆ ಹೆಣೆಯುತ್ತಾರೆ ಅಂತ ಅಜ್ಜಿ ತೋರಿಸುತ್ತಾರೆ.