ಓದು ಬಾರದ ತಾಯಿ ಏನು ಮಾಡಬಹುದು?

ಪ್ರಶ್ನೆ: ಮಗಳು ಸರ್ಕಾರಿ ಶಾಲೆಯಲ್ಲಿ ಎರಡನೇ ತರಗತಿ, ಆಡುತ್ತಾ ಕಲಿಯುವ ನಲಿಕಲಿ ಪದ್ಧತಿ. ನನಗೆ ಓದು ಬರಲ್ಲ. ಅವಳ ಕಲಿಕೆಗೆ ನಾನೇನು ಮಾಡಲಿ?
– ಒಬ್ಬ ತಾಯಿ, ಹೆಗ್ಗಡದೇವನಕೋಟೆ

ಉತ್ತರ: ತುಂಬಾ ಮಾಡಬಹುದು ತಾಯಿ. ನಲಿಕಲಿ 1995ರಲ್ಲಿ ಶುರುವಾಗಿದ್ದೇ ನಿಮ್ಮ ತಾಲ್ಲೂಕಿನಲ್ಲಿ. ನಾನೂ ಆ ತರಗತಿಯಲ್ಲೇ ಪಾಠ ಮಾಡಿ ನಿವೃತ್ತಳಾದವಳು. ಒಂದು ದಿನ ಟೀಚರನ್ನು ಕೇಳಿಕೊಂಡು ಮಗಳ ಪಕ್ಕ ಹೋಗಿ ಕೂರಿ. ತಲೆ ಮೇಲೆ ದಾರ ಕಟ್ಟಿ ಮಕ್ಕಳ ಚಿತ್ರ ತೂಗುಹಾಕಿರುತ್ತಾರೆ. ನಿನ್ನದು ಯಾವುದು ಅಂತ ಕೇಳಿ. ಕಲಿಕಾ ಏಣಿಯಲ್ಲಿ, ಅಂದರೆ ಕಲಿಕೆಯ ಹಂತಗಳನ್ನು ಮೆಟ್ಟಿಲಾಗಿ ತೋರಿಸುವ ಪಟದಲ್ಲಿ, ತನ್ನ ಮೆಟ್ಟಿಲನ್ನೂ ಅವಳೇ ತೋರಿಸುತ್ತಾಳೆ. ಪಕ್ಕದ ಮನೆ ಮಗು ಮುಂದಿದ್ದರೆ ದಯವಿಟ್ಟು ಬೈಯಬೇಡಿ. ಅಲ್ಲಿ ಪ್ರತಿ ಮಗುವೂ ತನ್ನ ವೇಗದಲ್ಲೇ ಹತ್ತೋದು, ಅಲ್ವಾ? ಮನೆಯಲ್ಲಿ ಅವರೆಕಾಯಿ ಸುಲಿಯುವಾಗ ಕಾಳನ್ನು ಹತ್ತತ್ತರ ಗುಂಪು ಮಾಡಿಸಿ. ಶಾಲೆಯ ಉಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಗೂ ಸೇರಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಅದರಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಹೆಂಗಸರು ಇರಬೇಕು. ಮುಂದಿನ ಪೋಷಕರ ಸಭೆಯಲ್ಲೇ ವಿಚಾರಿಸಿ.